ಭಟ್ಟಿ ಮಲಗಿದೆ ಸಾರ್

ಅಯ್ಯಯ್ಯೋ, ಆ ಬಕೆಟ್ಟಿಗೆ ಕೈ ಹಾಕ್ಬೇಡಿ ಸಾರ್! ಅದು ಕೈ ತೊಳೆಯೋ ನೀರಲ್ಲ. ನಲ್ಲಿ ಆಚೆ ಕಡೆ ಇದೆ, ಆಮೇಲೆ ತೋರಿಸ್ತೀನಿ. ಇದಕ್ಕೆ... ಇದಕ್ಕೆ ನಾವು ಸುಟ್ಟವರ ಬಕೆಟ್ಟು ಅಂತೀವಿ. ಯಾಕ್ ಸಾರ್ ನಗ್ತೀರಾ? ನಿಜವಾಗ್ಲೂ. ಗಾಜಿನ ಫ್ಯಾಕ್ಟರಿ ಅಲ್ವಾ. ಒಬ್ಬರು ಮಾತಾಡ್ತಾ ಮಾತಾಡ್ತಾ ಬಿಸಿ ಸೀಸೆ ಹಿಡ್ಕೊಂಡುಬಿಡ್ತಾರೆ, ಇನ್ನೊಬ್ಬರು ಮರೆತು ಭಟ್ಟಿ ಗೋಡೆಗೆ ಮೊಣಕೈ ತಾಗಿಸ್ತಾರೆ. ಆಗ ಡಾಕ್ಟರು ಗೀಕ್ಟರು ಎಲ್ಲ ಆಮೇಲೆ. ಮೊದಲು ಕೈ ಈ ಬಕೆಟ್ಟಲ್ಲಿ ಮುಳುಗಬೇಕು. ಯಾರು ಮೊದಲು ನೋಡ್ತಾರೋ ಅವರು ಎತ್ಕೊಂಡು ಓಡಬೇಕು. ಯಜಮಾನ, ಕೆಲಸದೋನು, ಹೆಂಗಸು, ಗಂಡಸು ಅಂತ ನೋಡೋ ಹಾಗಿಲ್ಲ. ನಮ್ಮ ಮಾವನೋರು ಈ ಫ್ಯಾಕ್ಟರಿ ಶುರು ಮಾಡಿದಾಗಿಂದ ಇದೇ ಪದ್ಧತಿ. ದಿನಾ ಬೆಳಗ್ಗೆ ಹಳೇ ನೀರು ಚೆಲ್ಲಿ ಹೊಸ ನೀರು ಹಿಡೀಬೇಕು. ನೋಡಿ, ಇವತ್ತೂ ಹಿಡಿದಿದಾರೆ. ಕೆಲಸ ಇಲ್ಲ, ಸೀಸೆ ಇಲ್ಲ, ಆದ್ರೂ ಬಾಗಿಲ ತನಕ ಬಂದು ಬಕೆಟ್ಟು ತುಂಬಿಸಿಟ್ಟು ಹೋಗ್ತಾರೆ ನಮ್ಮ ಬೆಳಕಕ್ಕ.

ಬೆಳಕಕ್ಕ ಅಂದ್ರೆ... ಅಗೋ, ಗೇಟಿನ ಹತ್ರ ಎಲ್ರಿಗಿಂತ ಮುಂದೆ ನಿಂತಿದಾರಲ್ಲ, ನೀಲಿ ಕೋಟು, ಬಿಳಿ ಕೂದಲು, ಅವರೇ. ಒಂದೊಂದು ಸೀಸೇನೂ ಬೆಳಕಿಗೆ ಹಿಡಿದು ಗುಳ್ಳೆ ಇದೆಯಾ, ಬಿರುಕಿದೆಯಾ ಅಂತ ನೋಡೋ ಕೆಲಸ ಅವರದ್ದು. ಮನೇಲೂ ಅಷ್ಟೇ ಅಂತೆ, ಲೋಟ ಕೈಗೆ ಬಂತು ಅಂದ್ರೆ ಕಿಟಕಿಗೆ ಹಿಡಿದು ನೋಡದೆ ನೀರು ಕುಡಿಯಲ್ಲ. ನಾನು ಲೋಟ ತೊಳೆಯೋದು ಸರಿ ಇಲ್ವಾ ಅಂತ ಅವರ ಸೊಸೆಗೆ ದಿನಾ ಕೋಪ!

ಬನ್ನಿ ಒಳಗೆ. ಗಾಜಿನ ಚೂರಿರುತ್ತೆ, ನೋಡ್ಕೊಂಡು ಕಾಲಿಡಿ. ಕೋಟು ಬಿಚ್ಚಿ ಸಾರ್, ಸೆಖೆ ಆಗುತ್ತೆ. ...ಬೇಡ್ವಾ? ಸರಿ, ಸರಿ, ನಿಮ್ಮಿಷ್ಟ. ನನಗೆ ನೋಡಿ, ಆಗ್ಲೇ ಬೆವರು. ಭಟ್ಟಿ ಪಕ್ಕ ಇದ್ದೂ ಇದ್ದೂ... ಹೀಗೇ.

ಅವರ್ಯಾಕೆ ಹೊರಗಡೆ ನಿಂತಿದಾರೆ ಅಂತ ಕೇಳಿದ್ರಲ್ಲ. ನಾನೇ ಹೇಳಿದ್ದು. ಸಾಹೇಬ್ರು ತಪಾಸಣೆಗೆ ಬರ್ತಾರೆ, ಅವರು ಹೋಗೋ ತನಕ ಯಾರೂ ಶೆಡ್ಡೊಳಗೆ ಕಾಲಿಡೋ ಹಾಗಿಲ್ಲ, ರೂಲ್ಸು ಅಂದೆ. ...ಅಂಥ ರೂಲ್ಸೇ ಇಲ್ವಾ? ಇರುತ್ತೆ ಅಂದ್ಕೊಂಡೆ. ಹೋಗ್ಲಿ ಬಿಡಿ. ಸಂಬಳ ಇಲ್ದೆ ಇರೋರನ್ನ ಒಳಗೆ ಕರೆದು ದುಡಿಸಿದ್ರು ಅಂತ ನಾಳೆ ಇನ್ಯಾರೋ ಬಾಯಿ ಮಾಡಿದ್ರೆ? ಅದಕ್ಕೆ. ಆದ್ರೂ ನೋಡಿ ಸಾರ್, ಎಲ್ರೂ ಯೂನಿಫಾರಂ ಒಗೆದು ಇಸ್ತ್ರಿ ಮಾಡ್ಕೊಂಡು ಬಂದಿದಾರೆ. ಯಾರೂ ಕರೆದಿಲ್ಲ. ನಿಮ್ಮ ಕಣ್ಣಿಗೆ ಬೀಳಲಿ ಅಂತ.

ಇದೇ ನಮ್ಮ ಭಟ್ಟಿ. ನಿಮ್ಮ ಫಾರಂನಲ್ಲಿ ಫರ್ನೇಸ್ ಅಂತಿರುತ್ತೆ, ನಮಗೆ ಭಟ್ಟಿ. ಇದಕ್ಕೆ ಉಣಿಸೋದು ಎಣ್ಣೆ. ಉರಿಸೋ ಎಣ್ಣೆ ಸಾರ್, ಕುಡಿಯೋ ಎಣ್ಣೆ ಅಲ್ಲ. ನನ್ನ ಮದುವೆ ಮಾತಿಗೆ ನಮ್ಮಮ್ಮ ಮಾವನೋರ ಮನೆಗೆ ಬಂದಿದ್ರು. ಹುಡುಗಿ ತಂದೆ ಏನ್ ಮಾಡ್ತಾರೆ ಅಂತ ಕೇಳಿದ್ರೆ, ಯಾರೋ ಪುಣ್ಯಾತ್ಮ, ಸ್ವಂತ ಭಟ್ಟಿ ಇದೆ, ದಿನಾ ಟ್ಯಾಂಕರ್‌ಗಟ್ಲೆ ಎಣ್ಣೆ ಖರ್ಚಾಗುತ್ತೆ ಅಂದ! ನಮ್ಮಮ್ಮ ಅರ್ಧ ಟೀ ಬಿಟ್ಟು ಎದ್ದೇಬಿಟ್ರು. ಮಾವನೋರು ಕೈ ಹಿಡಿದು ಕರ್ಕೊಂಡು ಬಂದು ಇದೇ ಜಾಗದಲ್ಲಿ ನಿಲ್ಲಿಸಿ ತೋರಿಸಿದ್ಮೇಲೇ ನನ್ನ ಮದುವೆ ಆಗಿದ್ದು.

ಹೂಂ... ಕೆಂಪಗೆ ಏನೂ ಕಾಣ್ತಿಲ್ಲ. ಮಲಗಿದೆ ಸಾರ್. ಮಲಗಿಸಿದೀವಿ. ನಮ್ಮ ಮಾತು ಅದು. ಆರ್ಡರ್ ಇಲ್ದೆ ಇರೋವಾಗ ಎಣ್ಣೆ ಸಣ್ಣಗೆ ಬಿಟ್ಟು, ಒಳಗಿರೋ ಗಾಜು ಗಟ್ಟಿ ಆಗದ ಹಾಗೆ ಬೆಚ್ಚಗೆ ಕಾಯ್ಕೊಳ್ಳೋದು. ಆರಿಸೋ ಹಾಗಿಲ್ಲ. ಆರಿಸಿದ್ರೆ ಮುಗೀತು. ಒಳಗೆ ಕೊಳದ ಹಾಗೆ ಗಾಜು ನಿಂತಿರುತ್ತೆ, ಅದು ಅಲ್ಲೇ ಕಲ್ಲಾಗಿಬಿಡುತ್ತೆ. ಇಟ್ಟಿಗೆ ಸೀಳುತ್ತೆ. ಆಮೇಲೆ ಎಷ್ಟು ಎಣ್ಣೆ ಸುರಿದ್ರೂ ಏಳಲ್ಲ. ಒಡೆದು ಹೊಸದು ಕಟ್ಬೇಕು, ಅದಕ್ಕೆ ಈ ಫ್ಯಾಕ್ಟರಿ, ನಮ್ಮನೆ, ಮನೆಯವಳ ಮೈಮೇಲಿರೋದು ಎಲ್ಲ ಮಾರಿದ್ರೂ ಸಾಲಲ್ಲ. ಅದಕ್ಕೇ ಮಲಗಿರೋ ಭಟ್ಟಿ ಪಕ್ಕ ಒಬ್ಬರಾದ್ರೂ ಕಣ್ಣಲ್ಲಿ ಕಣ್ಣಿಟ್ಟು ಕೂತಿರಬೇಕು. ಯಾರು ಅಂದ್ರೆ... ನಾನೇ. ಎಲ್ರನ್ನೂ ಮನೆಗೆ ಕಳಿಸಿ ನಾನೊಬ್ಬನೇ ನೋಡ್ಕೋತಿದೀನಿ. ಎಣ್ಣೆ ಬಿಡೋ ಎರಡು ತಿರುಗಣೆ, ಶಾಖ ತೋರಿಸೋ ಒಂದು ಮೀಟರು, ಅಷ್ಟೇ ಕೆಲಸ. ಊಟ ಮನೆಯಿಂದ ಬರುತ್ತೆ. ಮನೆಯವಳು ಗೇಟಿನ ಹತ್ರಾನೇ ಡಬ್ಬಿ ಕೊಟ್ಟು ಹೋಗ್ತಾಳೆ. ಅವಳನ್ನೂ ಒಳಗೆ ಬಿಡಲ್ಲ ನಾನು. ...ಯಾಕೆ ಅಂದ್ರೆ... ಬಿಸಿ ಅಲ್ವಾ ಸಾರ್.

ಮೀಟರಾ? ಅದು ಕೆಟ್ಟಿದೆ. ಮುಳ್ಳು ಕೆಳಗೆ ಬಿದ್ದಿದೆ ನೋಡಿ, ಏಳಲ್ಲ ಅನ್ನುತ್ತೆ. ರಿಪೇರಿಯೋನಿಗೆ ಹೇಳಿದೀನಿ. ಹೊಗೆ ನೋಡಿದ್ರಲ್ಲ, ಬರೋವಾಗ? ಚಿಮಣೀಲಿ? ಅದು ಸಾಕಲ್ವಾ. ಈ ಫ್ಯಾನಿನ ಶಬ್ದ ಕೇಳಿ, ಗಾಳಿ ಹೋಗ್ತಾನೇ ಇದೆ. ...ಕಟ್ಟಿಗೆ ವಾಸನೆ? ಇಲ್ಲ, ಇಲ್ವಲ್ಲ... ಓ, ಅದು ಹಿಂದುಗಡೆ, ಸೀಸೆ ತುಂಬೋ ಹಳೇ ಮರದ ಪೆಟ್ಟಿಗೆಗಳಿದ್ವು. ಗೆದ್ದಲು ಹಿಡಿದಿದ್ವು. ಬೆಳಗ್ಗೆ ಸ್ವಲ್ಪ ಸುಟ್ಟೆ. ನಿಮ್ಮ ಮೂಗು ಬಲೇ ಚುರುಕು ಬಿಡಿ!

ಕೂತ್ಕೊಳ್ಳಿ ಸಾರ್. ಒಂದು ಟೀ. ಇಲ್ಲ ಅನ್ಬೇಡಿ. ಜೇಬಿಂದ ಒಂದು ಕೈ ಆದ್ರೂ ಹೊರಗೆ ತೆಗೀರಿ, ಬಂದಾಗಿಂದ ಎರಡೂ ಕೈ ಜೇಬಲ್ಲೇ ಇಟ್ಕೊಂಡಿದೀರಿ. ನಮ್ಮಲ್ಲಿ ಎಲ್ರೂ ಟೀ ಡಬ್ಬಿ ಭಟ್ಟಿ ಕಟ್ಟೆ ಮೇಲೇ ಇಡೋದು. ಬೆಳಗ್ಗೆ ಇಟ್ಟ ಟೀ ಸಂಜೆಗೂ ನಾಲಿಗೆ ಸುಡುತ್ತೆ... ಏನ್ ಸಾರ್? ತಣ್ಣಗಿದೆಯಾ? ...ಡಬ್ಬಿ ಮುಚ್ಚಳ ಸಡಿಲ ಇರಬೇಕು. ಬೇಡ ಬಿಡಿ, ಅಲ್ಲೇ ಇಟ್ಟುಬಿಡಿ. ಮನೆಯಿಂದ ಬಿಸಿದು ತರಿಸ್ತೀನಿ.

ನಾವು ಮಾಡೋದು ಔಷಧಿ ಸೀಸೆ. ಕೆಮ್ಮಿನ ಔಷಧಿ ಬರುತ್ತಲ್ಲ, ಕಂದು ಬಣ್ಣದ್ದು. ಊರಿನವರ ಕಾಯಿಲೆಗೆಲ್ಲ ಸೀಸೆ ಮಾಡಿ ಮಾಡಿ ಕೊನೆಗೆ ನಮಗೇ ಕಾಯಿಲೆ ಬಂತು ನೋಡಿ! ನಗಿ ಸಾರ್, ಪರವಾಗಿಲ್ಲ, ನಾವೂ ನಗ್ತೀವಿ. ನಿಮ್ಮ ಇಲಾಖೆ ಮಾತದು, ರೋಗಗ್ರಸ್ತ ಉದ್ಯಮ. ಆ ಕಾಗದ ಮನೆಗೆ ಬಂದ ದಿನ ನಮ್ಮ ಮನೆಯವಳು ಓದಿ, ರೀ, ಫ್ಯಾಕ್ಟರೀಲಿ ಯಾರಿಗ್ರೀ ಹುಷಾರಿಲ್ಲ ಅಂತ ಓಡಿ ಬಂದ್ಳು. ಫ್ಯಾಕ್ಟರಿಗೇ ಕಣೆ ಅಂದೆ. ಡಾಕ್ಟರ್ ಯಾರು ಅಂದ್ಳು. ಸರ್ಕಾರ ಅಂದೆ. ಅಯ್ಯೋ ದೇವರೇ ಅಂತ ಅಲ್ಲೇ ಕೂತ್ಕೊಂಡ್ಳು.

ಅಲ್ಲ ಸಾರ್, ನಿಮ್ಮ ಸ್ಕೀಮು ಓದಿ ನನಗೆ ತಲೆ ಕೆಟ್ಟುಹೋಯ್ತು. ಸಹಾಯ ಬೇಕು ಅಂದ್ರೆ ಮೊದಲು ನಾವು ರೋಗಗ್ರಸ್ತ ಅಂತ ನಾವೇ ಬರೆದು ಕೊಡ್ಬೇಕು. ಸರಿ. ಆದ್ರೆ ಚಾಲ್ತಿಯಲ್ಲೂ ಇರಬೇಕು. ಕಾಯಿಲೆ ಬಿದ್ದಿರಬೇಕು, ಸತ್ತಿರಬಾರದು. ಸತ್ತಿದ್ರೆ ಒಂದು ಪೈಸೆ ಇಲ್ಲ. ಗಾಜಿನವರಿಗೆ ಅಂತ ಬೇರೆ ಒಂದು ಸಾಲೇ ಇದೆ, ಭಟ್ಟಿ ಉರಿಯುತ್ತಿದ್ದಲ್ಲಿ ಮಾತ್ರ ಚಾಲ್ತಿಯಲ್ಲಿದೆ ಎಂದು ಪರಿಗಣಿಸತಕ್ಕದ್ದು. ಬಾಯಿಪಾಠ ಆಗೋಗಿದೆ! ಇವತ್ತು ನೀವು ಚಾಲ್ತಿಯಲ್ಲಿದೆ ಅಂತ ಬರೆದು ಒಂದು ಸಹಿ ಹಾಕಿದ್ರೆ ಗೇಟಿನ ಹತ್ರ ಇರೋ ಅಷ್ಟೂ ಜನ ನಾಳೆ ಒಳಗೆ. ಇಲ್ಲ ಅಂತ ಬರೆದ್ರೆ... ಅವರು ಆ ಗೇಟಿಗೆ ಇನ್ನೊಂದ್ಸಲ ಬರೋಕೆ ಕಾರಣಾನೇ ಇರಲ್ಲ. ಅಷ್ಟೇ ಸಾರ್. ಎರಡೇ ಮಾತು.

ಏನು ನೋಡ್ತಿದೀರಾ ಮೇಲೆ?

ಓ. ಪಾರಿವಾಳ. ಹೂಂ... ಭಟ್ಟಿ ನೆತ್ತಿ ಮೇಲೆ ಕೂತಿದೆ. ಚಳಿ ಅಲ್ವಾ ಸಾರ್, ಬೆಚ್ಚಗಿರುತ್ತೆ ಅಂತ ಬರ್ತವೆ. ಕಾಲು ಸುಡಲ್ವಾ ಅಂದ್ರೆ... ಅದಕ್ಕೆ ಗೊತ್ತಿರುತ್ತೆ ಎಲ್ಲಿ ಕೂರಬೇಕು ಅಂತ. ಉಷ್! ಉಷ್! ಹೋಗು! ...ಹೋಗಲ್ಲ ನೋಡಿ. ದರಿದ್ರದ್ದು. ಮೊಂಡು. ಬಿಡಿ ಅದನ್ನ. ಈ ಕಡೆ ಕೂತ್ಕೊಳ್ಳಿ, ಆ ಕಡೆ ಧೂಳು.

ಸಾರ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಂಥೋರನ್ನೆಲ್ಲ ಸರ್ಕಾರ ಯಾಕೆ ಎತ್ತಿ ನಿಲ್ಲಿಸಬೇಕು ಅಂತ ನಿಮ್ಮ ಮನಸ್ಸಲ್ಲಿದೆ. ಅಲ್ವಾ? ...ನೋಡಿ, ಅಲ್ಲ ಅನ್ನಲ್ಲ ನೀವು! ಇರಲಿ, ನನ್ನ ಷಡ್ಡಕಾನೂ ಅದನ್ನೇ ಹೇಳೋದು. ಹೆಂಡ್ತಿ ತಂಗಿ ಗಂಡ. ಕಾಲೇಜಲ್ಲಿ ಅರ್ಥಶಾಸ್ತ್ರ ಪಾಠ ಮಾಡ್ತಾನೆ. ಅವನ ಪ್ರಕಾರ ಆರ್ಥಿಕ ಹಿಂಜರಿತ ಅಂದ್ರೆ ಕಾಡಿಗೆ ಬೀಸೋ ಗಾಳಿಯಂತೆ. ಒಣಗಿದ ಮರ ಬೀಳುತ್ತೆ, ನೆಲಕ್ಕೆ ಬಿಸಿಲು ಬೀಳುತ್ತೆ, ಹೊಸ ಗಿಡ ಬರುತ್ತೆ. ಬೀಳೋ ಮರಕ್ಕೆಲ್ಲ ಸರ್ಕಾರ ಕಂಬ ಕೊಡ್ತಾ ಹೋದ್ರೆ ಕಾಡೇ ಹಾಳಂತೆ. ಇದನ್ನ ಹೇಳೋವಾಗ ಅವನು ನಮ್ಮನೆ ಊಟದ ಮೇಜಿಗೆ ಕೂತು ಎರಡನೇ ಸಲ ಬಡಿಸ್ಕೋತಿದ್ದ! ನಾನಂದೆ, ಸರಿಯಪ್ಪಾ, ಆ ಮರದ ಮೇಲೆ ಗೂಡು ಕಟ್ಟಿರೋರು? ಹಾರಿ ಇನ್ನೊಂದು ಮರಕ್ಕೆ ಹೋಗ್ತಾರೆ ಅಂದ. ಬೆಳಕಕ್ಕ ಈ ವಯಸ್ಸಲ್ಲಿ ಎಲ್ಲಿಗೆ ಹಾರ್ತಾರೆ ಸಾರ್? ಅವನಿಗೇನು, ಎಂಥ ಗಾಳಿ ಬೀಸಿದ್ರೂ ಮೊದಲನೇ ತಾರೀಕು ಸಂಬಳ. ...ಏನ್ ಸಾರ್? ಓ. ನಿಮಗೂ ಹಾಗೇ ಅಲ್ವಾ. ತಪ್ಪು ತಿಳ್ಕೋಬೇಡಿ, ನಿಮ್ಮನ್ನ ಅಂದಿದ್ದಲ್ಲ. ಷಡ್ಡಕನ್ನ ಅಂದಿದ್ದು.

ನಮ್ಮದು ಒಣಗಿದ ಮರ ಅಲ್ಲ ಸಾರ್. ಅದನ್ನ ಹೇಗೆ ಹೇಳ್ಲಿ ನಿಮಗೆ? ಸೀಸೆ ಚೆನ್ನಾಗಿಲ್ಲ ಅಂತ ಯಾರಾದ್ರೂ ವಾಪಸ್ ಕಳಿಸಿದ್ರೆ, ಸರಿ, ಮುಚ್ಚಲಿ ಅನ್ಬಹುದು. ಔಷಧಿ ಕಂಪನಿಯೋರು ಬಂದು, ಸೀಸೆ ಚೆನ್ನಾಗಿದೆ ಸ್ವಾಮಿ, ನಮಗೇ ಮಾರಾಟ ಇಲ್ಲ, ನಾಲ್ಕು ತಿಂಗಳು ತಡ್ಕೊಳ್ಳಿ ಅಂದ್ರು. ನಾವು ತಡ್ಕೋತೀವಿ. ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊಂಡಾದ್ರೂ ತಡ್ಕೋತೀವಿ. ಭಟ್ಟಿ ತಡ್ಕೊಳ್ಳಲ್ವಲ್ಲ ಸಾರ್! ಅಂಗಡಿ ಆದ್ರೆ ಬಾಗಿಲು ಹಾಕಿ ಆರು ತಿಂಗಳು ಬಿಟ್ಟು ತೆಗೀಬಹುದು. ಇದು ಹಾಗಲ್ಲ. ಇದಕ್ಕೆ ಹೊಟ್ಟೆ ತುಂಬಿಸಿ ಕಾಯ್ಬೇಕು.

ಆ ದೊಡ್ಡ ಬ್ಯಾಂಕು ಬೀಳ್ತಿತ್ತಲ್ಲ, ಅವತ್ತು ಏನ್ ಮಾಡಿದ್ರಿ? ಭಾನುವಾರ ಕೂತು ಮಾತಾಡಿ ಸೋಮವಾರ ಬಾಗಿಲು ತೆಗೆಯೋ ಹೊತ್ತಿಗೆ ಎತ್ತಿ ನಿಲ್ಲಿಸಿದ್ರಿ. ಬೇಡ ಅನ್ನಲ್ಲ, ನಮ್ಮ ದುಡ್ಡೂ ಅಲ್ಲೇ ಇತ್ತು. ಆದ್ರೆ ಅವರಿಗೆ ಯಾರಾದ್ರೂ ಫಾರಂ ಕೊಟ್ರಾ? ನೀವು ಚಾಲ್ತಿಯಲ್ಲಿದೀರಾ ಅಂತ ಕೇಳಿದ್ರಾ? ಯಾರಾದ್ರೂ ಹೋಗಿ ತಿಜೋರಿ ಮುಟ್ಟಿ ಬಿಸಿ ಇದೆಯಾ ನೋಡಿದ್ರಾ? ದೊಡ್ಡವರು ಬಿದ್ರೆ ದೇಶ ಅಲ್ಲಾಡುತ್ತಂತೆ. ನಾವು ಬಿದ್ರೆ ಈ ಬೀದಿ ಅಲ್ಲಾಡುತ್ತೆ. ಎದುರುಗಡೆ ಟೀ ಅಂಗಡಿ, ಮೂಲೆಯ ಲಾರಿಯೋನು, ರಟ್ಟಿನ ಪೆಟ್ಟಿಗೆ ಮಾಡೋರು... ಈ ಬೀದಿ ಅಲ್ಲಾಡೋದು ನಿಮ್ಮ ಆಫೀಸಿಗೆ ಕೇಳಿಸಲ್ಲ.

...ಹೌದು. ಹೌದು ಸಾರ್, ನೀವು ಹೇಳೋದೂ ಸರಿ. ಎಲ್ರನ್ನೂ ಎತ್ತೋಕೆ ಸರ್ಕಾರದ ಹತ್ರ ಅಷ್ಟು ಕೈ ಇಲ್ಲ. ಯೋಚನೆ ಮಾಡಿಲ್ಲ ಅಂದ್ಕೊಂಡ್ರಾ? ಒಬ್ಬನೇ ಕೂತಿರ್ತೀನಲ್ಲ ಇಲ್ಲಿ, ಬರೀ ಅದೇ ಯೋಚನೆ. ಈ ಬೀದಿ ಕೊನೇಲಿ ಒಬ್ಬ ದರ್ಜಿ ಇದ್ದ. ನೀಲಿ ಕೋಟೆಲ್ಲ ಅವನು ಹೊಲಿದಿದ್ದೇ. ನಮಗಿಂತ ಮೊದಲು ಅವನ ಅಂಗಡಿ ಮುಚ್ತು. ಅವನಿಗೆ ಯಾವ ಸ್ಕೀಮೂ ಇಲ್ಲ. ಒಂದು ಹೊಲಿಗೆ ಮಿಷನ್ನು ಉದ್ಯಮ ಅನ್ನಿಸ್ಕೊಳ್ಳಲ್ಲ. ಈಗ ಅವನು ಸೋಪು ಕೊಂಡ್ರೂ ತೆರಿಗೆ, ಬೆಂಕಿಪೊಟ್ಟಣ ಕೊಂಡ್ರೂ ತೆರಿಗೆ. ಆ ದರ್ಜಿ ತೆರಿಗೇಲಿ ನನ್ನ ಭಟ್ಟಿ ಉರೀಬೇಕಾ? ಅವನು ಬಂದು ಎದುರಿಗೆ ನಿಂತು ಕೇಳಿದ್ರೆ ನಾನೇನ್ ಹೇಳ್ಲಿ? ಹೇಳಿ ಸಾರ್. ನನಗಂತೂ ಗೊತ್ತಿಲ್ಲ. ನೀವು ಓದಿದೋರು, ಹೇಳಿ.

ಮಂತ್ರಿಗಳು ಟಿವಿಲಿ ಹೇಳಿದ್ರು, ಸರ್ಕಾರ ನಿಮ್ಮ ಕೈ ಬಿಡಲ್ಲ ಅಂತ. ನಮ್ಮ ಮನೆಯವಳು ಟಿವಿ ಮುಂದೇನೇ ಅತ್ತುಬಿಟ್ಳು. ಅಪ್ಪ ಹಚ್ಚಿದ ಬೆಂಕಿ ಅಲ್ವಾ ಅವಳಿಗೆ. ಇಟ್ಟಿಗೆ ಬದಲಾಯಿಸೋವಾಗ ಬಿಟ್ರೆ ಈ ಭಟ್ಟಿ ಯಾವತ್ತೂ ಆರಿಲ್ಲ. ಆರ... ಆರಿಲ್ಲ.

ಇವರು ಏನ್ ಮಾಡಿದ್ರು ಗೊತ್ತಾ, ಆ ಗೇಟಿನ ಹತ್ರ ಇರೋರು? ಇದೇ ಶೆಡ್ಡಲ್ಲಿ ಎಲ್ರನ್ನೂ ಕೂರಿಸಿ ಹೇಳಿದೆ, ಅಪ್ಪಂದಿರಾ, ಅಕ್ಕಂದಿರಾ, ಕೈಲಿರೋ ದುಡ್ಡು ಒಂದು ತಿಂಗಳ ಸಂಬಳಕ್ಕೆ ಸಾಕು, ಇಲ್ಲಾಂದ್ರೆ ಸ್ಕೀಮಿನ ದುಡ್ಡು ಬರೋ ತನಕ ಭಟ್ಟಿ ಮಲಗಿಸೋಕೆ ಎಣ್ಣೆಗೆ ಸಾಕು. ಎರಡೂ ಆಗಲ್ಲ. ಸಂಬಳ ತಗೊಂಡು ಹೋಗಿ, ನನಗೆ ಬೇಜಾರಿಲ್ಲ ಅಂದೆ. ಎಣ್ಣೆ ಅನ್ನೋರು ಕೈ ಎತ್ತಿ ಅಂದೆ. ಮೊದಲು ಎದ್ದಿದ್ದು ಬೆಳಕಕ್ಕನ ಕೈ. ಆಮೇಲೆ ಒಂದೊಂದೇ... ಪ್ಯಾಕಿಂಗಿನೋನು, ಮೌಲ್ಡಿನೋನು... ಒಂದು ಕೈ ಕೆಳಗೆ ಉಳೀಲಿಲ್ಲ ಸಾರ್. ಸಂಬಳಾನೆಲ್ಲ ಎಣ್ಣೆಗೆ ಹಾಕಿಬಿಟ್ರು! ನಗ್ಬೇಡಿ, ಆ ಎಣ್ಣೆ ಅಲ್ಲ ಅಂದೆನಲ್ಲ... ಅವತ್ತು ಅವರೂ ಇದೇ ಜೋಕು ಮಾಡಿ ನಕ್ಕಿದ್ರು. ಮನೆಗೆ ಹೋಗಿ ಸಂಬಳ ಎಲ್ಲಿ ಅಂದ್ರೆ ಎಣ್ಣೆಗೆ ಹೋಯ್ತು ಅಂತ ಹೇಳ್ತೀವಿ, ಆಮೇಲೆ ನಮ್ಮನ್ನ ನೀವೇ ಬಂದು ಬಿಡಿಸ್ಕೊಳ್ಳಿ ಯಜಮಾನ್ರೇ ಅಂತ.

ದಿನಾ ಸಂಜೆ ಇದೇ ಬೀದೀಲಿ ಹೋಗ್ತಾರೆ. ಬೇಕು ಅಂತಾನೇ ಸುತ್ತು ಹಾಕ್ಕೊಂಡು. ತಲೆ ಎತ್ತಿ ಚಿಮಣಿ ನೋಡ್ತಾರೆ. ಹೊಗೆ ಕಂಡ್ರೆ ಏನೂ ಮಾತಾಡಲ್ಲ, ಹಾಗೇ ಹೋಗ್ತಾರೆ. ಅವರು ನೋಡ್ತಾರೆ ಅಂತಾನೇ ನಾನು...

ಏನಿಲ್ಲ. ಏನೂ ಹೇಳೋಕೆ ಹೊರಟಿರಲಿಲ್ಲ.

ಎಣ್ಣೆ ಕಂಪನಿಯೋರಾ? ಇಲ್ಲ, ಅವರು... ಸ್ವಲ್ಪ ಕಿರಿಕಿರಿ ಮಾಡಿದ್ರು. ನಿಮ್ಮ ಇಲಾಖೆ ರೋಗಗ್ರಸ್ತ ಉದ್ಯಮಗಳು ಅಂತ ಎಲ್ರ ಹೆಸರೂ ಪೇಪರಲ್ಲಿ ಹಾಕ್ತಲ್ಲ, ಅದನ್ನ ಓದಿ ಸ್ವಲ್ಪ... ಹೇಗೋ ಸುಧಾರಿಸಿದ್ವಿ. ಆಯ್ತು, ಅದು ಮುಗೀತು. ಎಲ್ಲಿ ಸಹಿ ಹಾಕ್ತೀರಾ ಸಾರ್, ಮೇಜು ಒರೆಸಿದೀನಿ, ಬನ್ನಿ.

ಯಾಕೆ ಎದ್ರಿ? ಕಿಂಡಿಯಿಂದ ಒಳಗೆ ನೋಡ್ಬೇಕಾ? ಆಗಲ್ಲ ಸಾರ್. ಬರಿಗಣ್ಣಲ್ಲಿ ನೋಡಿದ್ರೆ ಕಣ್ಣು ಹೋಗುತ್ತೆ. ನೀಲಿ ಕನ್ನಡಕ ಬೇಕು. ಇದೆ, ಬೀರೂಲಿದೆ... ಬೀಗದ ಕೈ ಮನೇಲಿ. ಇನ್ನೊಂದು ದಿನ ಬನ್ನಿ, ತೋರಿಸ್ತೀನಿ. ಇಲ್ಲ, ಇವತ್ತೇ ಸಹಿ ಮಾಡಿ, ಆಮೇಲೆ ಇನ್ನೊಂದು ದಿನ ಸುಮ್ನೆ ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ, ಬಿಸಿ ಗಾಜಲ್ಲಿ ಒಂದು ಗೋಲಿ ಮಾಡಿ ಕೊಡ್ತೀವಿ... ಸಾರ್, ಅಷ್ಟು ಹತ್ರ ಬೇಡ. ಆ ಕಡೆ ಹೋಗ್ಬೇಡಿ. ಸುಡುತ್ತೆ. ಸಾರ್, ಸುಡುತ್ತೆ ಅಂತ ಹೇಳ್ತಿದೀನಲ್ಲ! ಮಲಗಿದ್ರೂ ಸುಡುತ್ತೆ! ಸಾರ್, ಕೈ...

...

ಕೈ ತೆಗೀರಿ ಸಾರ್.

ಸುಡುತ್ತೆ...

ಏನಾದ್ರೂ ಹೇಳಿ. ಬೈಯಿರಿ. ಕಳ್ಳ ಅನ್ನಿ. ಹಾಗೆ ಸುಮ್ನೆ, ಜ್ವರ ನೋಡೋರ ಹಾಗೆ, ಅದರ ಮೈಮೇಲೆ ಕೈ ಇಟ್ಕೊಂಡು ನಿಂತ್ಕೋಬೇಡಿ. ನನಗೆ ನೋಡೋಕಾಗ್ತಿಲ್ಲ.

ಹೂಂ. ತಣ್ಣಗಿದೆ. ಗೊತ್ತು. ನಾನೂ ದಿನಾ ಹಾಗೇ ಕೈ ಇಟ್ಟು ನೋಡ್ತೀನಿ. ಕಿವಿ ಇಟ್ಟೂ ನೋಡಿದೀನಿ.

ಯಾವಾಗ ಅಂತ ಕೇಳ್ತಿಲ್ಲ ನೀವು. ಆದ್ರೂ ಹೇಳ್ತೀನಿ. ಪೇಪರಲ್ಲಿ ಪಟ್ಟಿ ಬಂದ ವಾರಾನೇ. ಅವರ ಸಂಬಳದ ದುಡ್ಡು ಪೂರ್ತಿ ತಗೊಂಡು ಎಣ್ಣೆ ಕಂಪನಿಗೆ ಹೋದೆ. ಕೌಂಟರಲ್ಲಿ ಕಟ್ಟಿದೆ. ಎಣಿಸ್ಕೊಂಡ್ರು. ಟ್ಯಾಂಕರ್ ಯಾವಾಗ ಕಳಿಸ್ತೀರಾ ಅಂದೆ. ಮ್ಯಾನೇಜರ್ರು ಪೇಪರ್ ತೆಗೆದು ನನ್ನ ಹೆಸರ ಮೇಲೆ ಬೆರಳಿಟ್ಟು, ನೀವು ರೋಗಗ್ರಸ್ತರಲ್ವಾ ಅಂದ್ರು. ಈ ದುಡ್ಡು ಹಳೇ ಬಾಕಿಗೆ ಜಮಾ ಆಯ್ತು, ಇನ್ಮೇಲೆ ನಿಮಗೆ ಎಣ್ಣೆ ಕೊಡಬಾರದು ಅಂತ ಮೇಲಿಂದ ಹೇಳಿದಾರೆ ಅಂದ್ರು. ಸಾಲ ಅಲ್ಲ ಸ್ವಾಮಿ, ಇದು ನಗದು, ಇದು ಅವರ ಸಂಬಳ ಅಂದೆ. ಕೈ ಮುಗಿದೆ. ಕಾಲೊಂದು ಹಿಡೀಲಿಲ್ಲ... ಹಿಡಿದೆ ಸಾರ್, ಕಾಲೂ ಹಿಡಿದೆ. ನೀವು ಕಾಯಿಲೆ ಅಂತ ಬರೆದ್ರಿ, ಅವರು ಹೆಣ ಅಂತ ಓದ್ಕೊಂಡ್ರು. ಬದುಕಿಸೋಕೆ ಅಂತ ಮಾಡಿದ ಪಟ್ಟಿ ಅದು! ಅದೇ ಕೊಂದುಬಿಡ್ತು.

ವಾಪಸ್ ಬಂದು ಇಲ್ಲೇ ಕೂತಿದ್ದೆ. ಟ್ಯಾಂಕಿನ ತಳದಲ್ಲಿ ಎಣ್ಣೆ ಇದ್ದಷ್ಟು ಹೊತ್ತು ಉರೀತು. ಆಮೇಲೆ ಒಳಗಡೆ ಟಣ್ ಅಂತು. ಇಟ್ಟಿಗೆ. ಮತ್ತೆ ಟಣ್ ಅಂತು. ನಾನೇನ್ ಮಾಡ್ಲಿ? ಕೈ ಚೆಲ್ಲಿ ಕೂತು ಕೇಳ್ತಿದ್ದೆ. ಬೆಳಗ್ಗೆ ಬೆಳಕಕ್ಕ ಬಂದು ಬಾಗಿಲ ಹತ್ರ ಬಕೆಟ್ಟು ತುಂಬಿಸಿ, ಯಜಮಾನ್ರೇ, ಭಟ್ಟಿ ಹೇಗಿದೆ ಅಂತ ಕೂಗಿದ್ರು. ಮಲಗಿದೆ ಅಕ್ಕ, ಚೆನ್ನಾಗಿ ಮಲಗಿದೆ ಅಂದೆ. ಬಾಯಿಂದ ಬಂದುಬಿಡ್ತು ಸಾರ್. ಸಂಬಳಾನೂ ಇಲ್ಲ, ಬೆಂಕೀನೂ ಇಲ್ಲ ಅಂತ ಹೇಗೆ ಹೇಳ್ಲಿ? ಅವತ್ತಿಂದ ಪೆಟ್ಟಿಗೆ ಒಡೆದು ಒಡೆದು ಚಿಮಣಿ ಬುಡದಲ್ಲಿ ಸುಡ್ತಿದೀನಿ. ಪೆಟ್ಟಿಗೇನೂ ಇವತ್ತಿಗೆ ಮುಗೀತು. ನೀವು ಬಂದು ಸಹಿ ಹಾಕಿದ್ರೆ ಆ ದುಡ್ಡಲ್ಲಿ ಅವರ ಸಂಬಳ ಆದ್ರೂ...

ಗೇಟಿನ ಕಡೆ ನೋಡ್ಬೇಡಿ, ಶೆಡ್ಡಿನ ಬಾಗಿಲು ತೆಗೆದೇ ಇದೆ. ಅವರು ಎಲ್ಲ ನೋಡ್ತಿದಾರೆ. ಕೈ ಇನ್ನೂ ಗೋಡೆ ಮೇಲೇ ಇದೆ ನಿಮ್ಮದು. ತೆಗೀರಿ ಸಾರ್, ಅವರಿಗೆ... ಅಗೋ.

ಅಗೋ, ಗೇಟು ತಳ್ಳಿದ್ರು. ಬೆಳಕಕ್ಕ. ಯಾಕೆ ಓಡಿ ಬರ್ತಿದಾರೆ? ಅಕ್ಕ, ಅಲ್ಲೇ ಇರಿ! ಅಲ್ಲೇ... ಕೇಳಿಸ್ತಿಲ್ಲ. ಬಕೆಟ್ಟು ಎತ್ಕೊಂಡ್ರು ಸಾರ್! ನಿಮಗೆ... ನಿಮ್ಮ ಕೈ ಸುಟ್ಟುಹೋಯ್ತು ಅಂತ... ಈ ವಯಸ್ಸಲ್ಲಿ, ನೀರೆಲ್ಲ ಮೈಮೇಲೆ ಚೆಲ್ಕೊಂಡು...

ಸಾರ್. ಸಹಿ ಬೇಡ. ಕಣ್ಣಿಗೆ ಕಂಡಿದ್ದು ಬರ್ಕೊಳ್ಳಿ. ನನ್ನ ಮೇಲೆ ಕೇಸು ಹಾಕಿ, ಏನ್ ಬೇಕಾದ್ರೂ ಮಾಡಿ. ಇದೊಂದು ಮಾಡಿ ಸಾರ್. ಅವರು ಬಂದ ತಕ್ಷಣ ಕೈ ನೀರಲ್ಲಿ ಮುಳುಗಿಸಿ. ಒಂಚೂರು ಮುಖ ಕಿವುಚಿ, ಸುಟ್ಟ ಹಾಗೆ. ಅಷ್ಟೇ. ಅವರಿಗೆ ನಾಳೆ ಹೇಳ್ತೀನಿ. ನಾನೇ ಹೇಳ್ತೀನಿ. ಇವತ್ತು ಇಸ್ತ್ರಿ ಮಾಡ್ಕೊಂಡು ಬಂದಿದಾರೆ ಸಾರ್...

ಬನ್ನಿ ಅಕ್ಕ, ಬನ್ನಿ, ಏನಿಲ್ಲ, ಗಾಬರಿ ಬೇಡ. ಸಾಹೇಬ್ರಿಗೆ ಗೊತ್ತಾಗಲಿಲ್ಲ, ಮುಟ್ಟಿಬಿಟ್ರು. ಇಲ್ಲಿಡಿ, ಇಲ್ಲಿ. ಸಾರ್, ಕೈ. ಕೈ ಕೊಡಿ ಸಾರ್. ಬೇಗ. ಕೊಡಿ...

ಯಾಕ್ ಸಾರ್? ಯಾಕೆ ಕೈನ ಜೇಬಿಗೆ ಹಾಕ್ಕೊಂಡ್ರಿ?

...

ಅಕ್ಕ... ಬಕೆಟ್ಟು ಕೆಳಗಿಡಿ ಅಕ್ಕ. ಯಾರ ಕೈಯೂ ಸುಟ್ಟಿಲ್ಲ.